ಮಾತಿನ ಮದ್ದಿಗೆ ಲೆಕ್ಕ ಹಿಡಿದವರು

1952ರಲ್ಲಿ ಅಮೆರಿಕದ ಮನಶ್ಶಾಸ್ತ್ರ ನಿಯತಕಾಲಿಕವೊಂದರಲ್ಲಿ ಆರು ಪುಟಗಳ ಲೇಖನವೊಂದು ಅಚ್ಚಾಯಿತು. ಬರೆದವರು ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ಹಾನ್ಸ್ ಐಸೆಂಕ್. ಬರ್ಲಿನ್ನಿನಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ದೇಶ ತೊರೆದು ಇಂಗ್ಲೆಂಡ್ ಸೇರಿದವರು. ಆಗಿನ್ನೂ ಅವರಿಗೆ ನಲವತ್ತು ದಾಟಿರಲಿಲ್ಲ. ಲೇಖನ ಎತ್ತಿದ ಪ್ರಶ್ನೆ ಬಹಳ ಸರಳ. ರೋಗಿಯೊಡನೆ ಮಾತನಾಡಿ ಮನಸ್ಸಿನ ಬೇನೆಯನ್ನು ವಾಸಿ ಮಾಡುತ್ತೇವೆ ಎನ್ನುವವರು ನಿಜಕ್ಕೂ ವಾಸಿ ಮಾಡುತ್ತಾರೆಯೇ?

ಉತ್ತರಕ್ಕಾಗಿ ಐಸೆಂಕ್ ಅದುವರೆಗೆ ಪ್ರಕಟವಾಗಿದ್ದ ವರದಿಗಳನ್ನು ಜಾಲಾಡಿ, ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಕೂಡಿಸಿದರು. ಫ್ರಾಯ್ಡ್ ಹಾಕಿಕೊಟ್ಟ ಮನೋವಿಶ್ಲೇಷಣೆಗೆ ಒಳಗಾದವರಲ್ಲಿ ಸುಧಾರಿಸಿದವರು ಶೇ 44. ಹಲವು ವಿಧಾನಗಳನ್ನು ಬೆರೆಸಿದ ಚಿಕಿತ್ಸೆ ಪಡೆದವರಲ್ಲಿ ಶೇ 64. ಯಾವ ಮನೋಚಿಕಿತ್ಸೆಯೂ ಇಲ್ಲದೆ ಆಸ್ಪತ್ರೆಯಲ್ಲಿ ಸುಮ್ಮನೆ ಇದ್ದವರು ಅಥವಾ ತಮ್ಮ ಮಾಮೂಲಿ ಡಾಕ್ಟರ ಬಳಿಗೇ ಹೋದವರಲ್ಲಿ ಶೇ 72! ಚಿಕಿತ್ಸೆ ಹೆಚ್ಚಿದಷ್ಟೂ ಗುಣ ಕಡಿಮೆ ಎಂಬಂತೆ ಕಾಣುತ್ತಿತ್ತು ಈ ಲೆಕ್ಕ.

ಮನೋಚಿಕಿತ್ಸೆಯ ಲೋಕ ಕೆರಳಿತು. ಆದರೆ ಐಸೆಂಕ್ ತಪ್ಪು ಎಂದು ತೋರಿಸಲು ಆ ದಿನ ಯಾರ ಕೈಯಲ್ಲೂ ಗಟ್ಟಿಯಾದ ಪುರಾವೆ ಇರಲಿಲ್ಲ. ಅರ್ಧ ಶತಮಾನದಿಂದ ನಡೆದು ಬಂದಿದ್ದ ಒಂದು ವೃತ್ತಿ, ತನ್ನಿಂದ ಎಷ್ಟು ಮಂದಿಗೆ ಒಳಿತಾಯಿತು ಎಂಬ ಲೆಕ್ಕವನ್ನೇ ಸರಿಯಾಗಿ ಇಟ್ಟುಕೊಂಡಿರಲಿಲ್ಲ.

ಮುಚ್ಚಿದ ಬಾಗಿಲ ಹಿಂದೆ

ಇದಕ್ಕೆ ಕಾರಣ ಆ ವೃತ್ತಿಯ ಹುಟ್ಟಿನಲ್ಲೇ ಇದೆ. ಮನೋಚಿಕಿತ್ಸೆ ಎಂದರೆ ಒಂದು ಕೋಣೆ, ಇಬ್ಬರು ಮನುಷ್ಯರು, ಮುಚ್ಚಿದ ಬಾಗಿಲು. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು ಎಂಬುದು ಅದರ ಮೊದಲ ಕಟ್ಟಳೆ. ರೋಗಿ ಮಾತನಾಡುತ್ತಿರುವಾಗ ಟಿಪ್ಪಣಿ ಬರೆದುಕೊಳ್ಳುವುದು ಕೂಡದು, ಗಮನ ಹರಿದುಹೋಗುತ್ತದೆ ಎಂದು ಫ್ರಾಯ್ಡ್ 1912ರಲ್ಲಿಯೇ ಶಿಷ್ಯರಿಗೆ ಬುದ್ಧಿ ಹೇಳಿದ್ದರು. ಅವರು ಬರೆಯುತ್ತಿದ್ದುದು ಸಂಜೆ, ದಿನದ ಕೆಲಸ ಮುಗಿದ ಮೇಲೆ, ನೆನಪಿನಿಂದ. ಹೀಗೆ ಹುಟ್ಟಿದ ರೋಗಿಗಳ ವೃತ್ತಾಂತಗಳು ಕಾದಂಬರಿಯಂತೆ ಓದಿಸಿಕೊಂಡವು; ಒಂದು ಪಂಥವನ್ನೇ ಕಟ್ಟಿದವು. ಆದರೆ ಅವು ಹೇಳುತ್ತಿದ್ದುದು ಚಿಕಿತ್ಸಕನಿಗೆ ನೆನಪಿದ್ದುದನ್ನು ಮಾತ್ರ. ಅವನಿಗೆ ಕಾಣದೆ ಹೋದದ್ದು, ಅರ್ಧಕ್ಕೆ ಬಿಟ್ಟುಹೋದ ರೋಗಿಗೆ ಮುಂದೇನಾಯಿತೆಂಬುದು ಅಲ್ಲಿ ಸಿಗುವುದು ಕಷ್ಟ.

ಬಾಗಿಲನ್ನು ಮೊದಲು ಸ್ವಲ್ಪ ತೆರೆದವರು ಅಮೆರಿಕದ ಕಾರ್ಲ್ ರೋಜರ್ಸ್. 1940ರ ಸುಮಾರಿಗೆ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಚಿಕಿತ್ಸೆಯ ಸಂಭಾಷಣೆಯನ್ನು ಧ್ವನಿಮುದ್ರಿಸತೊಡಗಿದರು. ಟೇಪ್ ರೆಕಾರ್ಡರ್ ಇನ್ನೂ ಬಳಕೆಗೆ ಬಂದಿರದ ಕಾಲ. ಗ್ರಾಮಫೋನ್ ತಟ್ಟೆಗಳ ಮೇಲೆ ಧ್ವನಿ ಕೊರೆಯಬೇಕು. ಒಂದು ಮುಖದಲ್ಲಿ ಕೆಲವೇ ನಿಮಿಷ ಹಿಡಿಯುತ್ತದೆ, ಮತ್ತೆ ಮತ್ತೆ ತಟ್ಟೆ ಬದಲಿಸಬೇಕು. ಈ ಸರ್ಕಸ್ಸಿನ ಫಲವಾಗಿ 1942ರಲ್ಲಿ ರೋಜರ್ಸ್ ಪ್ರಕಟಿಸಿದ ಪುಸ್ತಕದಲ್ಲಿ ಒಬ್ಬ ರೋಗಿಯೊಡನೆ ನಡೆದ ಎಂಟು ಭೇಟಿಗಳ ಮಾತುಕತೆ ಪದಕ್ಕೆ ಪದ ಅಚ್ಚಾಯಿತು. ಚಿಕಿತ್ಸಕ ಎಲ್ಲಿ ಎಡವಿದ, ಯಾವ ಪ್ರಶ್ನೆಗೆ ರೋಗಿ ಮುದುಡಿದ, ಯಾವುದಕ್ಕೆ ತೆರೆದುಕೊಂಡ ಎಂಬುದನ್ನು ಮೂರನೆಯವರೊಬ್ಬರು ಓದಿ ನೋಡುವ ಅವಕಾಶ ಅದರಿಂದ ಬಂತು.

ರೋಜರ್ಸ್ ಅಲ್ಲಿಗೆ ನಿಲ್ಲಲಿಲ್ಲ. ಶಿಕಾಗೋಗೆ ಹೋದ ಮೇಲೆ, ಚಿಕಿತ್ಸೆ ಪಡೆದವರನ್ನು ಕಾಯುತ್ತಾ ಕುಳಿತವರೊಡನೆ ಹೋಲಿಸುವ ಅಧ್ಯಯನಗಳನ್ನು ನಡೆಸಿ 1954ರಲ್ಲಿ ಪ್ರಕಟಿಸಿದರು. ಮನೋಚಿಕಿತ್ಸಕರು ತಮ್ಮನ್ನು ತಾವೇ ತಕ್ಕಡಿಯಲ್ಲಿಟ್ಟು ತೂಗಿಕೊಂಡ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ಇನ್ನು ಐಸೆಂಕ್ ಕೊಟ್ಟ ಶೇ 72ರ ಕಥೆ. ಈ ಅಂಕಿ ಎರಡು ಕಡೆಯಿಂದ ಬಂದದ್ದು. ಒಂದು, ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಂದ ಬಿಡುಗಡೆಯಾದವರ ಪಟ್ಟಿ. ಇನ್ನೊಂದು, 1946ರಲ್ಲಿ ಡೆಂಕರ್ ಎಂಬವರು ಪ್ರಕಟಿಸಿದ 500 ವಿಮಾದಾರರ ಲೆಕ್ಕ. ಮನಸ್ಸಿನ ತೊಂದರೆಯಿಂದ ಕೆಲಸಕ್ಕೆ ಹೋಗಲಾಗುತ್ತಿಲ್ಲ ಎಂದು ವಿಮಾ ಕಂಪನಿಯಿಂದ ಪರಿಹಾರ ಪಡೆಯುತ್ತಿದ್ದವರು ಇವರು. ನೋಡಿಕೊಳ್ಳುತ್ತಿದ್ದವರು ಸಾಮಾನ್ಯ ವೈದ್ಯರು. ಎರಡು ವರ್ಷದೊಳಗೆ ನೂರಕ್ಕೆ 72 ಮಂದಿ ಸುಧಾರಿಸಿದ್ದರು. ಆದರೆ ಆ ವೈದ್ಯರು ಮಾಡುತ್ತಿದ್ದುದೇನು? ಟಾನಿಕ್ ಬರೆದುಕೊಡುತ್ತಿದ್ದರು, ನಿದ್ದೆ ಮಾತ್ರೆ ಕೊಡುತ್ತಿದ್ದರು, ಜೊತೆಗೆ ಧೈರ್ಯ ಹೇಳುತ್ತಿದ್ದರು. ಧೈರ್ಯ ಹೇಳುವುದೂ ಮಾತಿನ ಚಿಕಿತ್ಸೆಯೇ ಅಲ್ಲವೇ ಎಂದು ಟೀಕಾಕಾರರು ಕೇಳಿದರು. ಗುಂಪುಗಳ ರೋಗಿಗಳೂ ಒಂದೇ ಬಗೆಯವರಲ್ಲ, 'ಸುಧಾರಿಸಿದ' ಎಂಬ ಮಾತಿಗೆ ಎಲ್ಲರ ಅರ್ಥವೂ ಒಂದಲ್ಲ. 1971ರಲ್ಲಿ ಆಲನ್ ಬರ್ಗಿನ್ ಇದೇ ಬಗೆಯ ವರದಿಗಳನ್ನು ಮತ್ತೆ ಲೆಕ್ಕ ಹಾಕಿ, ತಾನಾಗಿಯೇ ಗುಣವಾಗುವವರು ನೂರಕ್ಕೆ ಸುಮಾರು 30 ಮಂದಿ ಎಂದರು. ಲೆಕ್ಕ ಸರಿಯಾಗಿ ಇಡದೆ ಹೋದರೆ ಒಂದೇ ಪುಸ್ತಕದಿಂದ 72 ಬರಬಹುದು, 30ಊ ಬರಬಹುದು.

ಐಸೆಂಕರ ಉತ್ತರ ದುರ್ಬಲವಾಗಿತ್ತು, ಪ್ರಶ್ನೆ ಮಾತ್ರ ಗಟ್ಟಿಯಾಗಿತ್ತು. (ಮನೋಚಿಕಿತ್ಸಕರಿಂದ ಪುರಾವೆ ಕೇಳಿದ ಈ ವಿದ್ವಾಂಸರ ಸ್ವಂತ ಪುರಾವೆಗಳೇ ಮುಂದೆ ಪ್ರಶ್ನೆಗೊಳಗಾದವು. ವ್ಯಕ್ತಿತ್ವಕ್ಕೂ ಕ್ಯಾನ್ಸರಿಗೂ ನಂಟು ಕಲ್ಪಿಸಿ ಅವರು ಸಹಲೇಖಕರೊಬ್ಬರೊಡನೆ ಬರೆದ 26 ಲೇಖನಗಳು ನಂಬಲರ್ಹವಲ್ಲವೆಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಚಾರಣೆ 2019ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಐಸೆಂಕ್ ತೀರಿಕೊಂಡು 22 ವರ್ಷವಾಗಿತ್ತು.)

ಎರಡು ದೋಣಿಗಳಲ್ಲಿ ಕಾಲು

ಐಸೆಂಕ್ ಲೇಖನಕ್ಕೆ ಮೂರು ವರ್ಷ ಮೊದಲೇ, 1949ರ ಆಗಸ್ಟಿನಲ್ಲಿ, ಅಮೆರಿಕದ ಕೊಲರಾಡೋ ರಾಜ್ಯದ ಬೋಲ್ಡರ್ ಎಂಬ ಊರಿನಲ್ಲಿ ಸುಮಾರು 70 ಮಂದಿ ಮನಶ್ಶಾಸ್ತ್ರಜ್ಞರು ಎರಡು ವಾರ ಕುಳಿತು ಚರ್ಚಿಸಿದ್ದರು. ಎರಡನೇ ಮಹಾಯುದ್ಧ ಮುಗಿದಿತ್ತು. ಮನಸ್ಸು ಜರ್ಜರಿತವಾಗಿ ಮರಳಿದ ಸೈನಿಕರಿಗೆ ಚಿಕಿತ್ಸಕರು ಸಾಲುತ್ತಿರಲಿಲ್ಲ. ಹೊಸಬರಿಗೆ ಏನು ಕಲಿಸಬೇಕು? ಬೋಲ್ಡರ್ ಸಭೆಯ ತೀರ್ಮಾನ: ಪ್ರತಿಯೊಬ್ಬ ಕ್ಲಿನಿಕಲ್ ಮನಶ್ಶಾಸ್ತ್ರಜ್ಞನೂ ಸಂಶೋಧಕನೂ ಆಗಿರಬೇಕು, ಚಿಕಿತ್ಸಕನೂ ಆಗಿರಬೇಕು.

ಕಾಗದದ ಮೇಲೆ ಇದಕ್ಕಿಂತ ಚೆಂದದ ಏರ್ಪಾಡು ಇಲ್ಲ. ಆದರೆ ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬಂತಾಯಿತು. ಡಾಕ್ಟರೇಟಿಗಾಗಿ ಒಂದು ಪ್ರಬಂಧ ಬರೆದು ಮುಗಿಸಿದ ಮೇಲೆ ಹೆಚ್ಚಿನವರು ಸಂಶೋಧನೆಯ ಕಡೆ ತಲೆ ಹಾಕಲಿಲ್ಲ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಆಮೇಲೆ ಎಷ್ಟು ಸಂಶೋಧನಾ ಲೇಖನ ಪ್ರಕಟಿಸಿದ್ದಾರೆ ಎಂದು ಸಮೀಕ್ಷೆಗಳು ಕೇಳಿದಾಗ, ಅತಿ ಹೆಚ್ಚು ಮಂದಿ ಕೊಟ್ಟ ಉತ್ತರ ಸೊನ್ನೆ. 1973ರಲ್ಲಿ ಅದೇ ರಾಜ್ಯದ ವೇಲ್ ಎಂಬಲ್ಲಿ ಮತ್ತೊಂದು ಸಭೆ ಸೇರಿ, ಸಂಶೋಧನೆಯ ಹೊರೆಯಿಲ್ಲದ, ಚಿಕಿತ್ಸೆಗೆಂದೇ ಮೀಸಲಾದ ಡಾಕ್ಟರೇಟಿಗೆ ಒಪ್ಪಿಗೆ ಕೊಟ್ಟಿತು.

ಬರೆಯುವುದಿರಲಿ, ಓದುವುದೂ ಕಡಿಮೆಯೇ. 1986ರಲ್ಲಿ ಅಮೆರಿಕದ ಮನೋಚಿಕಿತ್ಸಕರನ್ನು ಇಬ್ಬರು ಸಂಶೋಧಕರು ವಿಚಾರಿಸಿದರು. ನಿಮ್ಮ ಕೆಲಸಕ್ಕೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವುದು? ರೋಗಿಗಳೊಡನೆ ಪಡೆದ ಅನುಭವ ಎಂಬುದೇ ಮೇಲಿನ ಸ್ಥಾನ ಪಡೆಯಿತು. ಸಂಶೋಧನಾ ಲೇಖನಗಳು ಎಷ್ಟೋ ಕೆಳಗೆ ಇದ್ದವು. ಇದನ್ನು ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ಎದುರಿಗೆ ಕುಳಿತ ಹೆಂಗಸು ಗಂಡನ ಕುಡಿತದಿಂದ ನೊಂದು, ಮಗಳ ಮದುವೆಯ ಸಾಲದಲ್ಲಿ ಸಿಕ್ಕಿ, ಮೂರು ತಿಂಗಳಿಂದ ನಿದ್ದೆಯಿಲ್ಲದೆ ಬಂದಿದ್ದಾಳೆ ಎಂದುಕೊಳ್ಳಿ. ಎರಡು ಗುಂಪುಗಳ ಸರಾಸರಿಗಳ ನಡುವಣ ವ್ಯತ್ಯಾಸ ಹೇಳುವ ಕೋಷ್ಟಕ ಆಕೆಗೆ ಮುಂದಿನ ಮಾತೇನು ಹೇಳಬೇಕೆಂದು ಚಿಕಿತ್ಸಕನಿಗೆ ತಿಳಿಸುವುದಿಲ್ಲ.

ಕೋಪದಿಂದ ಹುಟ್ಟಿದ ಗಣಿತ

ಐಸೆಂಕ್ ಪ್ರಶ್ನೆಗೆ ಜಗತ್ತು ಒಪ್ಪುವಂಥ ಉತ್ತರ ಬರಲು 25 ವರ್ಷ ಹಿಡಿಯಿತು. ಅದನ್ನು ತಂದವರು ಮನೋಚಿಕಿತ್ಸಕರಲ್ಲ. ಜೀನ್ ಗ್ಲಾಸ್ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಸಂಶೋಧನೆಗೆ ಸಂಖ್ಯಾಶಾಸ್ತ್ರ ಬಳಸುತ್ತಿದ್ದ ಪ್ರೊಫೆಸರ್. ಅವರು ಸ್ವತಃ ಮನೋಚಿಕಿತ್ಸೆ ಪಡೆದು ಅದರಿಂದ ಒಳಿತು ಕಂಡವರು. ಐಸೆಂಕ್ ಬರಹಗಳು ತಮ್ಮನ್ನು ಕೆರಳಿಸಿದ್ದವೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಮೇರಿ ಲೀ ಸ್ಮಿತ್ ಜೊತೆ ಸೇರಿ ಅವರು ಕೈಗೆ ಸಿಕ್ಕ ಅಧ್ಯಯನಗಳನ್ನೆಲ್ಲ ಕಲೆಹಾಕಿದರು. ಒಟ್ಟು 375. ಒಬ್ಬರು ಭಯ ಅಳೆದಿದ್ದಾರೆ, ಇನ್ನೊಬ್ಬರು ದುಃಖ, ಮತ್ತೊಬ್ಬರು ಪರೀಕ್ಷೆಯ ಅಂಕ. ಇವನ್ನೆಲ್ಲ ಒಂದೇ ಅಳತೆಗೋಲಿಗೆ ಇಳಿಸಿ ಕೂಡಿಸುವ ವಿಧಾನವೊಂದನ್ನು ಗ್ಲಾಸ್ ರೂಪಿಸಿ, 1976ರಲ್ಲಿ ಅದಕ್ಕೆ 'ಮೆಟಾ ಅನಾಲಿಸಿಸ್', ಅಂದರೆ ವಿಶ್ಲೇಷಣೆಗಳ ವಿಶ್ಲೇಷಣೆ, ಎಂದು ಹೆಸರಿಟ್ಟರು.

1977ರಲ್ಲಿ ಫಲಿತಾಂಶ ಪ್ರಕಟವಾಯಿತು. ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿಯ ಸ್ಥಿತಿ, ಚಿಕಿತ್ಸೆ ಪಡೆಯದವರಲ್ಲಿ ಶೇ 75 ಮಂದಿಗಿಂತ ಉತ್ತಮ. ಮನೋಚಿಕಿತ್ಸೆ ಕೆಲಸ ಮಾಡುತ್ತದೆ! ಐಸೆಂಕ್ ಇದನ್ನು ದೊಡ್ಡ ಪ್ರಮಾಣದ ಹುಚ್ಚಾಟ ಎಂದು ಜರೆದರು. ಆದರೂ ಗ್ಲಾಸ್ ಇಟ್ಟ ಹೆಸರು ನಿಂತಿತು. ಇಂದು ಹೃದ್ರೋಗದ ಮಾತ್ರೆಯಿಂದ ಹಿಡಿದು ಲಸಿಕೆಯವರೆಗೆ ಯಾವ ಚಿಕಿತ್ಸೆಯ ಬಗೆಗೂ ಮೆಟಾ ಅನಾಲಿಸಿಸ್ ಇಲ್ಲದೆ ಮಾತು ಮುಂದೆ ಹೋಗುವುದಿಲ್ಲ. ಆ ಪದ ಹುಟ್ಟಿದ್ದು ಮಾತಿನ ಮದ್ದಿನ ಜಗಳದಲ್ಲಿ ಎಂಬುದು ಅನೇಕ ವೈದ್ಯರಿಗೂ ತಿಳಿಯದ ಸಂಗತಿ.

ಸ್ಮಿತ್ ಮತ್ತು ಗ್ಲಾಸ್ ಲೆಕ್ಕದಲ್ಲಿ ಇನ್ನೊಂದು ಮುಜುಗರದ ಅಂಶವೂ ಹೊರಬಿತ್ತು. ಬೇರೆ ಬೇರೆ ಪಂಥಗಳ ಚಿಕಿತ್ಸೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮದೇ ಶ್ರೇಷ್ಠ ಎಂದು ದಶಕಗಟ್ಟಲೆ ಕಚ್ಚಾಡಿದವರಿಗೆಲ್ಲ ಸಮನಾದ ಅಂಕ! ಎಲ್ಲ ಚಿಕಿತ್ಸೆಗಳಲ್ಲೂ ಇರುವ ಸಮಾನ ಅಂಶವೇ, ಮುಖ್ಯವಾಗಿ ಚಿಕಿತ್ಸಕನ ಮೇಲೆ ರೋಗಿಗೆ ಹುಟ್ಟುವ ವಿಶ್ವಾಸವೇ, ಗುಣಕ್ಕೆ ಕಾರಣವಿರಬಹುದೆಂದು ಸೌಲ್ ರೋಸೆನ್‌ಝ್ವೈಗ್ 1936ರಲ್ಲೇ ಊಹಿಸಿದ್ದರು. ಆ ವಾದ ಇನ್ನೂ ಬಗೆಹರಿದಿಲ್ಲ.

ಪ್ರಯೋಗಕ್ಕೆ ಸಿಗದ ರೋಗಿ

ಅದೇ 1977ರಲ್ಲಿ ಫಿಲಡೆಲ್ಫಿಯಾದ ಆರನ್ ಬೆಕ್ ತಂಡ ಒಂದು ಪುಟ್ಟ ಪ್ರಯೋಗದ ವರದಿ ಕೊಟ್ಟಿತು. ಬೆಕ್ ಮೊದಲು ಫ್ರಾಯ್ಡ್ ಪಂಥದವರು. ಖಿನ್ನತೆ ಎಂದರೆ ಒಳಮುಖವಾಗಿ ತಿರುಗಿದ ಸಿಟ್ಟು ಎಂಬ ಆ ಪಂಥದ ಸಿದ್ಧಾಂತವನ್ನು ರುಜುವಾತು ಮಾಡಲೆಂದೇ ರೋಗಿಗಳ ಕನಸುಗಳನ್ನು ಪರಿಶೀಲಿಸಲು ಹೊರಟು, ಅಲ್ಲಿ ಸಿಟ್ಟಿನ ಬದಲು ಸೋಲಿನ, ಕಳೆದುಕೊಂಡ ಭಾವವೇ ಕಂಡು ದಾರಿ ಬದಲಿಸಿದವರು. ತನ್ನಿಂದ ಏನೂ ಆಗದು, ಮುಂದೆ ಒಳ್ಳೆಯದಾಗದು ಎಂಬಂಥ ಯೋಚನೆಗಳನ್ನು ರೋಗಿಯೇ ಪರೀಕ್ಷಿಸಿ ನೋಡುವಂತೆ ಕಲಿಸುವುದು ಅವರ ವಿಧಾನ. ಖಿನ್ನತೆಯ 41 ರೋಗಿಗಳಲ್ಲಿ ಕೆಲವರಿಗೆ ಈ ಚಿಕಿತ್ಸೆ, ಉಳಿದವರಿಗೆ ಇಮಿಪ್ರಮೀನ್ ಮಾತ್ರೆ ಕೊಟ್ಟು 12 ವಾರ ನೋಡಿದಾಗ ಮಾತಿನ ಚಿಕಿತ್ಸೆಯೇ ಮುಂದಿತ್ತು. 1979ರಲ್ಲಿ ಅದರ ಕೈಪಿಡಿ ಬಂತು. ಯಾವ ಭೇಟಿಯಲ್ಲಿ ಏನು ಮಾಡಬೇಕೆಂದು ಹೇಳುವ ಕೈಪಿಡಿಯಿದ್ದರೆ ಮಾತನ್ನೂ ಮಾತ್ರೆಯಂತೆ ಪರೀಕ್ಷಿಸಬಹುದು ಎಂಬುದು ಸಂಶೋಧಕರಿಗೆ ಹಿಡಿಸಿತು.

ಆಮೇಲೆ ಬಂದ ದೊಡ್ಡ ಪರೀಕ್ಷೆ ಅಷ್ಟು ಸಿಹಿಯಾಗಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಮೂರು ನಗರಗಳಲ್ಲಿ 250 ರೋಗಿಗಳನ್ನು ಆರಿಸಿ, ಎರಡು ಬಗೆಯ ಮಾತಿನ ಚಿಕಿತ್ಸೆ, ನಿಜ ಮಾತ್ರೆ, ಹುಸಿ ಮಾತ್ರೆ ಎಂದು ನಾಲ್ಕು ಗುಂಪು ಮಾಡಿತು. 1989ರಲ್ಲಿ ಪ್ರಕಟವಾದಂತೆ ಎಲ್ಲ ಗುಂಪುಗಳೂ ಸುಧಾರಿಸಿದ್ದವು. ಖಿನ್ನತೆ ತೀವ್ರವಾಗಿದ್ದವರನ್ನು ಬಿಟ್ಟರೆ ಗುಂಪುಗಳ ನಡುವಣ ಅಂತರ ಸಣ್ಣದು. ತೀವ್ರವಾಗಿದ್ದವರಲ್ಲಿ ಮಾತ್ರೆಯ ಕೈ ಮೇಲಾಗಿತ್ತು.

ದವಾಖಾನೆಯಲ್ಲಿ ಕುಳಿತವರ ತಕರಾರು ಬೇರೆಯೇ. ಪ್ರಯೋಗಕ್ಕೆ ಆರಿಸುವಾಗ ಕುಡಿತ ಇರುವವರು ಬೇಡ, ಆತ್ಮಹತ್ಯೆಯ ಅಪಾಯ ಇರುವವರು ಬೇಡ ಎಂದು ಜರಡಿ ಹಿಡಿಯುತ್ತಾರೆ. ತಮ್ಮ ಬಳಿಗೆ ಬರುವವರಾದರೋ ಆ ಜರಡಿಯಿಂದ ಹೊರಬಿದ್ದವರೇ ಎಂಬುದು ಅವರ ವಾದ. ಇದರಲ್ಲಿ ಹುರುಳಿತ್ತು. ಮಕ್ಕಳ ಮನೋಚಿಕಿತ್ಸೆಯ ಅಧ್ಯಯನಗಳನ್ನು ಜಾನ್ ವೈಜ್ ಮತ್ತು ಸಂಗಡಿಗರು 1992ರಲ್ಲಿ ಎರಡು ರಾಶಿ ಮಾಡಿದರು: ವಿಶ್ವವಿದ್ಯಾಲಯಗಳ ಪ್ರಯೋಗಗಳು ಒಂದು ಕಡೆ, ನಿಜವಾದ ದವಾಖಾನೆಗಳಲ್ಲಿ ನಡೆದವು ಇನ್ನೊಂದು ಕಡೆ. ಮೊದಲ ರಾಶಿಯಲ್ಲಿ ಚಿಕಿತ್ಸೆಯ ಗುಣ ಎದ್ದು ಕಾಣುತ್ತಿತ್ತು. ಎರಡನೆಯದು ಬಲು ಚಿಕ್ಕ ರಾಶಿ. ಅಲ್ಲಿ ಗುಣ ಕಂಡೂ ಕಾಣದಂತಿತ್ತು.

1995ರಲ್ಲಿ ಎರಡು ಪಕ್ಷಗಳೂ ಮುಖಾಮುಖಿಯಾದವು. ಅಮೆರಿಕದ ಮನಶ್ಶಾಸ್ತ್ರ ಸಂಘದ ಕ್ಲಿನಿಕಲ್ ವಿಭಾಗ, ಪ್ರಯೋಗಗಳಲ್ಲಿ ಗೆದ್ದ ಚಿಕಿತ್ಸೆಗಳ ಪಟ್ಟಿಯೊಂದನ್ನು ಹೊರಡಿಸಿತು. ಪಟ್ಟಿಯಲ್ಲಿ ಹೆಸರಿಲ್ಲದ ಚಿಕಿತ್ಸೆಗೆ ವಿಮಾ ಕಂಪನಿಗಳು ಹಣ ಕೊಡದೆ ಹೋಗಬಹುದೆಂದು ಚಿಕಿತ್ಸಕರು ದಿಗಿಲುಗೊಂಡರು. ಅದೇ ವರ್ಷ ಅಲ್ಲಿನ ಗ್ರಾಹಕರ ಪತ್ರಿಕೆ 'ಕನ್ಸ್ಯೂಮರ್ ರಿಪೋರ್ಟ್ಸ್' ತನ್ನ ಓದುಗರ ಅನುಭವವನ್ನು ಪ್ರಕಟಿಸಿತು. ಕಾರು, ವಾಷಿಂಗ್ ಮಷಿನ್‌ಗಳ ಗುಣಾವಗುಣ ಹೇಳುವ ಪತ್ರಿಕೆ ಅದು. ಮನೋಚಿಕಿತ್ಸೆಗೆ ಹೋದ ಹೆಚ್ಚಿನ ಓದುಗರು ತಮಗೆ ಒಳಿತಾಯಿತೆಂದು ಬರೆದಿದ್ದರು. ಹೆಚ್ಚು ಕಾಲ ಹೋದವರು ಹೆಚ್ಚು ಒಳಿತಾಯಿತೆಂದಿದ್ದರು. ಒಳಿತಾಗದವರು ಉತ್ತರ ಬರೆಯುವ ಗೋಜಿಗೇ ಹೋಗಿರಲಿಕ್ಕಿಲ್ಲ ಎಂದು ಸಂಶೋಧಕರು ಗೊಣಗಿದರು.

ಪುರಾವೆಗೆ ಕಾಯದೆ ಮುನ್ನುಗ್ಗಿದರೆ ಏನಾದೀತು ಎಂಬುದಕ್ಕೂ ಆ ದಶಕದಲ್ಲೇ ಪಾಠ ಸಿಕ್ಕಿತು. ಅಪಘಾತ, ಬೆಂಕಿ ಅನಾಹುತಗಳಿಗೆ ಸಿಕ್ಕವರನ್ನು ಕೂಡಲೇ ಕೂರಿಸಿ, ನಡೆದದ್ದನ್ನೆಲ್ಲ ಹೇಳಿಸಿಬಿಟ್ಟರೆ ಮುಂದೆ ಮನಸ್ಸು ಕೆಡುವುದಿಲ್ಲ ಎಂಬ ನಂಬಿಕೆಯಿಂದ 'ಡಿಬ್ರೀಫಿಂಗ್' ಎಂಬ ಕ್ರಮ ಬಳಕೆಗೆ ಬಂದಿತ್ತು. ಕೇಳಿದರೆ ಯಾರಿಗೂ ಹೌದೆನಿಸುವ ಮಾತು. ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದವರು 1997ರಲ್ಲಿ ಕಂಡದ್ದು ಬೇರೆ. 13 ತಿಂಗಳ ಮೇಲೆ, ಹೀಗೆ ಹೇಳಿಸಿಕೊಂಡವರಲ್ಲಿ ಶೇ 26 ಮಂದಿ ಆಘಾತೋತ್ತರ ಮನೋರೋಗದಿಂದ ಬಳಲುತ್ತಿದ್ದರು. ಹೇಳಿಸಿಕೊಳ್ಳದೆ ಮನೆಗೆ ಹೋದವರಲ್ಲಿ ಶೇ 9. ಮೊದಲ ಗುಂಪಿನವರ ಗಾಯಗಳು ಕೊಂಚ ತೀವ್ರವಾಗಿದ್ದವೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಚಿಕಿತ್ಸೆಯಿಂದ ಲಾಭವಂತೂ ಕಾಣಲಿಲ್ಲ.

ಮೂವರು ಎಂದರು, ಇದ್ದದ್ದು ನಲವತ್ತು

ತನ್ನ ರೋಗಿ ಹೇಗಿದ್ದಾನೆಂದು ತನಗೆ ಗೊತ್ತಾಗುತ್ತದೆ ಎಂಬುದು ಯಾವ ಅನುಭವಿ ಚಿಕಿತ್ಸಕನಿಗೂ ಇರುವ ಭರವಸೆ. ಅಮೆರಿಕದ ಮೈಕೇಲ್ ಲ್ಯಾಂಬರ್ಟ್ ತಂಡ ಈ ಭರವಸೆಯನ್ನೇ ಪರೀಕ್ಷೆಗೆ ಒಡ್ಡಿತು. ನಿಮ್ಮಲ್ಲಿಗೆ ಬರುವವರಲ್ಲಿ ಯಾರ ಸ್ಥಿತಿ ಚಿಕಿತ್ಸೆಯ ಕೊನೆಗೆ ಮೊದಲಿಗಿಂತ ಹದಗೆಟ್ಟಿರುತ್ತದೆ, ಈಗಲೇ ಹೇಳಿ ಎಂದು ಚಿಕಿತ್ಸಕರನ್ನು ಕೇಳಿತು. ನೂರಕ್ಕೆ ಏಳೆಂಟು ಮಂದಿಗೆ ಹಾಗಾಗುತ್ತದೆ ಎಂಬ ಸುಳಿವನ್ನೂ ಕೊಟ್ಟಿತ್ತು. 550 ರೋಗಿಗಳಲ್ಲಿ ಚಿಕಿತ್ಸಕರು ಬೊಟ್ಟು ಮಾಡಿದ್ದು ಮೂವರನ್ನು. ಹದಗೆಟ್ಟವರು 40 ಮಂದಿ. ಹೆಸರಿಸಿದ ಮೂವರಲ್ಲಿ ಒಬ್ಬರ ವಿಷಯ ಮಾತ್ರ ಸರಿಯಾಗಿತ್ತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ ಮನೋಚಿಕಿತ್ಸೆಯ ಇತಿಹಾಸದಲ್ಲೇ ಅತಿ ಕಹಿಯಾದ ಲೆಕ್ಕಗಳಲ್ಲಿ ಒಂದು. ಉಳಿದ 39 ಮಂದಿ ವಾರ ವಾರ ಅದೇ ಕೋಣೆಗೆ ಬಂದು, ಅದೇ ಕುರ್ಚಿಯಲ್ಲಿ ಕುಳಿತು, ಕುಗ್ಗುತ್ತಲೇ ಹೋಗಿದ್ದರು. ಎದುರಿಗಿದ್ದವರಿಗೆ ಅದು ಕಂಡಿರಲಿಲ್ಲ.

ಲ್ಯಾಂಬರ್ಟ್ ಸೂಚಿಸಿದ ಪರಿಹಾರ ತೀರಾ ಸಾದಾ. ಪ್ರತಿ ಭೇಟಿಗೂ ಮೊದಲು ರೋಗಿ 45 ಪ್ರಶ್ನೆಗಳ ಒಂದು ಹಾಳೆ ತುಂಬಬೇಕು. ಆ ಅಂಕಗಳು ನಿರೀಕ್ಷೆಯ ದಾರಿ ಬಿಟ್ಟು ಇಳಿದರೆ ಚಿಕಿತ್ಸಕನಿಗೆ ಎಚ್ಚರಿಕೆಯ ಚೀಟಿ ಹೋಗುತ್ತದೆ. ಹೀಗೆ ಎಚ್ಚರಿಸಿದಾಗ, ಹಾದಿ ತಪ್ಪುತ್ತಿದ್ದವರಲ್ಲಿ ಹದಗೆಡುವವರ ಸಂಖ್ಯೆ ಕಡಿಮೆಯಾಯಿತೆಂದು ಅವರ ಹಲವು ಪ್ರಯೋಗಗಳು ತೋರಿಸಿದವು. ಇಲ್ಲಿ ಸಂಶೋಧಕ ದೂರದಲ್ಲಿ ಕುಳಿತು ಉಪದೇಶ ಮಾಡಲಿಲ್ಲ. ಲೆಕ್ಕದ ಪುಸ್ತಕವೇ ಚಿಕಿತ್ಸೆಯ ಕೋಣೆಯೊಳಕ್ಕೆ ಬಂತು.

ಒಂದು ಚಹಾಕೂಟ

ಈ ಪುಸ್ತಕವನ್ನು ಒಂದು ದೇಶದ ಉದ್ದಗಲಕ್ಕೆ ತೆರೆದದ್ದು ಇಂಗ್ಲೆಂಡ್. 2003ರಲ್ಲಿ ಲಂಡನ್ನಿನ ಬ್ರಿಟಿಷ್ ಅಕಾಡೆಮಿಯ ಚಹಾಕೂಟವೊಂದರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಅವರಿಗೆ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಅವರ ಪರಿಚಯವಾಯಿತು. ಖಿನ್ನತೆಗೂ ಆತಂಕ ರೋಗಕ್ಕೂ ಕೆಲಸ ಮಾಡುವ ಚಿಕಿತ್ಸೆಗಳಿವೆ, ಆದರೆ ಜನರಿಗೆ ಸಿಗುತ್ತಿಲ್ಲ ಎಂದು ಕ್ಲಾರ್ಕ್ ಹೇಳಿದರು. ಲೇಯಾರ್ಡ್ ಅರ್ಥಶಾಸ್ತ್ರದ ಲೆಕ್ಕ ಹಾಕಿದರು. ಒಬ್ಬರ ಚಿಕಿತ್ಸೆಗೆ ಸುಮಾರು 750 ಪೌಂಡ್ ಖರ್ಚು. ಅವರು ಗುಣವಾಗಿ ಕೆಲಸಕ್ಕೆ ಮರಳಿದರೆ ಸರ್ಕಾರಕ್ಕೆ ಭತ್ಯೆಯ ಉಳಿತಾಯ, ಮೇಲೆ ತೆರಿಗೆ. ಖರ್ಚು ತಾನಾಗಿ ಹುಟ್ಟುತ್ತದೆ! ಮಂತ್ರಿಗಳಿಗೆ ಮನಸ್ಸಿನ ಭಾಷೆಗಿಂತ ಈ ಭಾಷೆ ಬೇಗ ಅರ್ಥವಾಯಿತು. 2006ರಲ್ಲಿ ಡಾಂಕಾಸ್ಟರ್ ಮತ್ತು ನ್ಯೂಹ್ಯಾಮ್‌ಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಯೋಜನೆ 2008ರಿಂದ ಇಂಗ್ಲೆಂಡಿನಾದ್ಯಂತ ಹರಡಿತು. 2023ರಿಂದ ಅದರ ಹೆಸರು 'ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್'.

ಅಲ್ಲಿನ ಕಡ್ಡಾಯ ನಿಯಮ ಒಂದೇ. ಪ್ರತಿ ಭೇಟಿಯಲ್ಲೂ ರೋಗಿಯ ಸ್ಥಿತಿಯನ್ನು ಅಳೆದು ಬರೆಯಬೇಕು. ಮೊದಲು ಚಿಕಿತ್ಸೆಯ ಆರಂಭಕ್ಕೊಮ್ಮೆ, ಕೊನೆಗೊಮ್ಮೆ ಅಳೆಯುತ್ತಿದ್ದಾಗ ಮಧ್ಯದಲ್ಲಿ ಬಿಟ್ಟುಹೋದವರ ಲೆಕ್ಕ ಸಿಗುತ್ತಿರಲಿಲ್ಲ. ಚಿತ್ರ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಈಗ ಬಹುತೇಕ ಎಲ್ಲರ ಲೆಕ್ಕ ಸಿಗುತ್ತದೆ, ಅದು ಸಾರ್ವಜನಿಕರ ಕಣ್ಣಿಗೂ ಬೀಳುತ್ತದೆ. ಚಿಕಿತ್ಸೆ ಮುಗಿಸಿದವರಲ್ಲಿ ಚೇತರಿಸಿಕೊಳ್ಳುವವರು ಸುಮಾರು ಅರ್ಧದಷ್ಟು. ಯಾವ ಕೇಂದ್ರದಲ್ಲಿ ಕಾಯುವ ದಿನಗಳು ಕಡಿಮೆಯೋ, ಎಲ್ಲಿ ಭೇಟಿಗಳ ಸಂಖ್ಯೆಯಲ್ಲಿ ಜಿಪುಣತನವಿಲ್ಲವೋ ಅಲ್ಲಿ ಗುಣ ಹೆಚ್ಚು ಎಂಬುದು ಈ ದಾಖಲೆಗಳಿಂದಲೇ ಬೆಳಕಿಗೆ ಬಂತು. ಮನುಷ್ಯನ ದುಃಖವನ್ನು ಫಾರಂಗಳಿಗೆ ಇಳಿಸುತ್ತಿದ್ದಾರೆ, ಅಂಕಿಗಾಗಿ ಓಡಿ ಚಿಕಿತ್ಸಕರೇ ಬಳಲುತ್ತಿದ್ದಾರೆ ಎಂಬ ದೂರೂ ಇದೆ. ಅದನ್ನು ಸುಳ್ಳೆನ್ನಲಾಗದು.

ಬಳ್ಳಾರಿ ಮತ್ತು ಗೋವಾ

ಭಾರತದಲ್ಲಿ ಕಂದಕ ಇನ್ನೊಂದು ಬಗೆಯದು. ಇಲ್ಲಿ ಕಡಿಮೆ ಬಿದ್ದದ್ದು ಪುರಾವೆಗಿಂತ ಹೆಚ್ಚಾಗಿ ಚಿಕಿತ್ಸಕರು. 1954ರಲ್ಲಿ ಬೆಂಗಳೂರಿನಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿ ಅವರ ನಿರ್ದೇಶನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಕ್ಲಿನಿಕಲ್ ಮನಶ್ಶಾಸ್ತ್ರದಲ್ಲಿ ದೇಶದ ಮೊದಲ ತರಬೇತಿ ಶುರುವಾದದ್ದು ಇಲ್ಲಿಯೇ. ಆದರೆ ಅಲ್ಲಿಂದ ಹೊರಬರುತ್ತಿದ್ದವರ ಸಂಖ್ಯೆ ದೇಶದ ಜನಸಂಖ್ಯೆಯ ಮುಂದೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಲೆಕ್ಕಕ್ಕೆ ಸಿಗದೆ ಹೋದ ಒಳ್ಳೆಯ ಕೆಲಸವೂ ಇಲ್ಲಿ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆಗಳನ್ನು ಹಾಕಿಸಿ ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಂಡರು. ಮನೆಯವರ ಭಯ ಕಳೆಯುವುದು, ರೋಗವೆಂದರೇನೆಂದು ಅವರಿಗೆ ತಿಳಿಹೇಳುವುದು ಚಿಕಿತ್ಸೆಯ ಭಾಗವಾಯಿತು. ಕುಟುಂಬವನ್ನು ಸೇರಿಸಿಕೊಳ್ಳುವ ಈ ರೀತಿ ಮುಂದೆ ವೆಲ್ಲೂರಿನಲ್ಲೂ ಬೆಂಗಳೂರಿನಲ್ಲೂ ಬೇರೂರಿತು. ವಿದ್ಯಾಸಾಗರ್ ಮಾತ್ರ ತಮ್ಮ ಕೆಲಸದ ಬಗ್ಗೆ ಬರೆದದ್ದು ಬಹಳ ಕಡಿಮೆ. ಪಶ್ಚಿಮದಲ್ಲಿ ಸಂಶೋಧನೆ ದವಾಖಾನೆಗೆ ಬರಲಿಲ್ಲ ಎಂಬ ಕೊರಗಾದರೆ, ಇಲ್ಲಿ ದವಾಖಾನೆಯ ವಿವೇಕ ಸಂಶೋಧನೆಯ ಪುಟಗಳಿಗೆ ಹೋಗಲಿಲ್ಲ.

ತಜ್ಞರು ಸಾಲದಿದ್ದರೆ ಇರುವವರಿಗೇ ಕಲಿಸೋಣ ಎಂಬ ವಿಚಾರವನ್ನು ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರು ಬಳಿಯ ಸಕಲವಾರದಲ್ಲಿಯೂ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಪ್ರಯೋಗಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರು ಮನೋರೋಗವನ್ನು ಗುರುತಿಸಿ ಔಷಧ ಕೊಡಲು ಕಲಿತರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಮಾದರಿಯಾದದ್ದು ಬಳ್ಳಾರಿಯೇ. ಇದು ಸಣ್ಣ ಸಾಧನೆಯಲ್ಲ. ಆದರೂ ಹಳ್ಳಿಗೆ ಮುಖ್ಯವಾಗಿ ಹೋದದ್ದು ಮಾತ್ರೆ. ಮಾತು ಹಿಂದೆ ಉಳಿಯಿತು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ಖಿನ್ನತೆಯಿಂದ ಬಳಲುವ ನೂರರಲ್ಲಿ ಸುಮಾರು 85 ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ.

ಮಾತನ್ನೂ ಹೀಗೆ ಹಂಚಬಹುದೇ ಎಂದು ಲೆಕ್ಕ ಹಿಡಿದು ನೋಡಿದ್ದು ನೆರೆಯ ಗೋವಾದಲ್ಲಿ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು 'ಸಂಗಾತ್' ಸಂಸ್ಥೆಯವರು ಮನಶ್ಶಾಸ್ತ್ರ ಓದದ ಸ್ಥಳೀಯರನ್ನೇ ಆರಿಸಿ ಆಪ್ತಸಲಹೆಗಾರರನ್ನಾಗಿ ತರಬೇತುಗೊಳಿಸಿದರು. 2010ರಲ್ಲಿ ಪ್ರಕಟವಾದ ಮೊದಲ ದೊಡ್ಡ ಪ್ರಯೋಗದಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗುಣ ಕಂಡಿತು, ಖಾಸಗಿ ವೈದ್ಯರಲ್ಲಿಗೆ ಬಂದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ಮುಚ್ಚಿಡದೆ ಬರೆದರು.

ಎರಡನೆಯ ಪ್ರಯೋಗಕ್ಕೆ ಆರಿಸಿಕೊಂಡದ್ದು ಅಮೆರಿಕದಲ್ಲಿ ಪರೀಕ್ಷೆಗೊಳಗಾಗಿದ್ದ ಸರಳ ವಿಧಾನ. ಖಿನ್ನತೆ ಬಂದವರು ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಬಿಡುತ್ತಾರೆ. ಬಿಟ್ಟಷ್ಟೂ ಮಂಕು ಹೆಚ್ಚುತ್ತದೆ. ದೇವಸ್ಥಾನಕ್ಕೋ ಇಗರ್ಜಿಗೋ ಹೋಗುವುದು, ನೆರೆಮನೆಯವರೊಡನೆ ಎರಡು ಮಾತಾಡುವುದು, ಹೀಗೆ ಚಿಕ್ಕ ಚಿಕ್ಕ ಕೆಲಸಗಳನ್ನು ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡುವುದು ಇದರ ತಿರುಳು. ಬಂದವರು ಖಿನ್ನತೆ ಎಂಬ ಪದ ಬಳಸುತ್ತಿರಲಿಲ್ಲ. ನಿದ್ದೆಯಿಲ್ಲ, ಮೈಕೈ ಸೋಲು, 'ಟೆನ್ಶನ್' ಎನ್ನುತ್ತಿದ್ದರು. ಸಲಹೆಗಾರರೂ ಅದೇ ಮಾತಿನಲ್ಲಿ ಮಾತನಾಡಿದರು. ಅಕ್ಷರ ಬಾರದವರಿಗೂ ಒಗ್ಗುವಂತೆ ವಿಧಾನವನ್ನು ಮಾರ್ಪಡಿಸಲಾಯಿತು. ಕೇಂದ್ರಕ್ಕೆ ಬರಲಾಗದವರ ಮನೆಗೇ ಹೋದರು. ಆರರಿಂದ ಎಂಟು ಭೇಟಿ, ಪ್ರತಿಯೊಂದೂ ಅರ್ಧ ಗಂಟೆಯ ಆಸುಪಾಸು.

ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು, 495 ರೋಗಿಗಳು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದಂತೆ, ಮೂರು ತಿಂಗಳಿಗೆ ಖಿನ್ನತೆಯಿಂದ ಹೊರಬಂದವರು ಈ ಚಿಕಿತ್ಸೆ ಪಡೆದವರಲ್ಲಿ ಶೇ 64, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ 39. ಒಂದು ವರ್ಷದ ಮೇಲೆ ನೋಡಿದಾಗಲೂ ಅಂತರ ಕಿರಿದಾಗಿತ್ತೇ ಹೊರತು ಅಳಿಸಿಹೋಗಿರಲಿಲ್ಲ. ಬೆಕ್ ಕಾಲದಲ್ಲಿ ವಿಶ್ವವಿದ್ಯಾಲಯದ ತಜ್ಞರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕೆಲವು ವಾರ ತರಬೇತಿ ಪಡೆದವರು, ಜರಡಿಗೆ ಸಿಗದ ರೋಗಿಗಳ ನಡುವೆ, ಸರ್ಕಾರಿ ಆರೋಗ್ಯ ಕೇಂದ್ರದ ಗಲಾಟೆಯಲ್ಲಿ ಮಾಡಿದ್ದರು.

ಗುಣಮಟ್ಟ ಕಾಯುವವರು ಯಾರು? ಪ್ರತಿ ಸಲಹೆಗಾರರ ಮೇಲೂ ಕಣ್ಣಿಡಲು ತಜ್ಞರಿದ್ದಿದ್ದರೆ ಈ ಪಾಡೇ ಇರುತ್ತಿರಲಿಲ್ಲ. ಸಂಗಾತ್ ಹಿಡಿದ ದಾರಿ ಇದು: ರೋಗಿಯ ಒಪ್ಪಿಗೆ ಪಡೆದು ಮಾತುಕತೆಯನ್ನು ಧ್ವನಿಮುದ್ರಿಸುವುದು, ಸಲಹೆಗಾರರು ಗುಂಪಾಗಿ ಕುಳಿತು ಒಬ್ಬರ ಮುದ್ರಿಕೆಯನ್ನು ಇನ್ನೊಬ್ಬರು ಕೇಳಿ ನಿಗದಿತ ಹಾಳೆಯಲ್ಲಿ ಅಂಕ ಕೊಡುವುದು. ಎಲ್ಲಿ ಮಾತು ದುಡುಕಾಯಿತು, ಎಲ್ಲಿ ರೋಗಿ ಹೇಳಲು ಬಂದದ್ದನ್ನು ಕೇಳಿಸಿಕೊಳ್ಳಲಿಲ್ಲ ಎಂದು ಅವರೇ ಚರ್ಚಿಸುತ್ತಾರೆ. ಈ ಅಂಕಗಳು ತಜ್ಞರು ಕೊಟ್ಟ ಅಂಕಗಳಿಗೆ ಸಾಕಷ್ಟು ಹತ್ತಿರವಿದ್ದವೆಂದು 2014ರ ಒಂದು ಅಧ್ಯಯನ ಹೇಳಿತು. ಮುಂದೆ ಇದೇ ಚಿಕಿತ್ಸೆಯನ್ನು ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯ ಆಶಾ ಕಾರ್ಯಕರ್ತೆಯರಿಗೆ ಮೊಬೈಲ್ ಫೋನಿನ ಮೂಲಕ ಕಲಿಸುವ ಕೆಲಸಕ್ಕೂ ಕೈಹಾಕಲಾಯಿತು.